ಗೊರಕೆಯೂ ಕಣ್ಣೂ: ಕೇಳದೆ ಬಿಟ್ಟ ಪ್ರಶ್ನೆ

ನಾನು ವೈದ್ಯನಲ್ಲ, ವಾಣಿಜ್ಯಶಾಸ್ತ್ರ ಓದಿ, ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಇಪ್ಪತ್ತು ವರ್ಷ ಕಳೆದವನು. ಆದರೂ ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗಕ್ಕೆ ಬರೆಯಲು ಹೊರಟಿರುವುದು, ಯಾರೂ ಕೇಳದೆ ಬಿಟ್ಟ ಒಂದು ಪ್ರಶ್ನೆಯ ಸಲುವಾಗಿ.

ಗೊರಕೆಯೆಂದರೆ ನಮ್ಮಲ್ಲಿ ನಗೆಯ ವಿಷಯ. ಡೊಂಬಿವಲಿಯ ಲೋಕಲ್ ಗಾಡಿಯಲ್ಲಿ ನಿಂತಲ್ಲೇ ತೂಕಡಿಸುತ್ತಿದ್ದ ನನ್ನನ್ನು ಕಂಡು ಜೊತೆಯವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ನಗದಿದ್ದವಳು ನನ್ನ ಹೆಂಡತಿಯೊಬ್ಬಳೇ. ಗೊರಕೆಗಿಂತಲೂ ಅದು ನಡುನಡುವೆ ತಟ್ಟನೆ ನಿಂತುಹೋಗುವ ನಿಶ್ಶಬ್ದಕ್ಕೆ ಆಕೆ ಹೆದರುತ್ತಿದ್ದಳು.

ಎರಡು ವರ್ಷ ಸತತವಾಗಿ ಕಣ್ಣಿನ ಒತ್ತಡವನ್ನು ಅಳೆಯಿಸಿದ್ದೆ. 16 ಬಂದಿತ್ತು. 21ರ ಒಳಗಿದ್ದರೆ ಸಹಜವೆಂದು ಹೇಳಿ, ಹೊಸ ಕನ್ನಡಕಕ್ಕೆ ಬರೆದುಕೊಟ್ಟು ಕಳುಹಿಸಿದರು. ಮೂರನೆಯ ವರ್ಷ ಬೇರೊಬ್ಬ ವೈದ್ಯರು ಔಷಧ ಹಾಕಿ ಪಾಪೆಯನ್ನು ಹಿಗ್ಗಿಸಿ, ಒಳಗಿನ ದೃಷ್ಟಿನರವನ್ನೇ ನೋಡಿದರು. ಎಡಗಣ್ಣಿನ ಅಂಚಿನ ನೋಟ ಆಗಲೇ ಹೋಗಿತ್ತು. ಒತ್ತಡ ಸಹಜವಾಗಿದ್ದೂ ಗ್ಲಾಕೋಮಾ ಬರಬಹುದೆಂದು ನನಗೆ ತಿಳಿದದ್ದು ಅಂದೇ. ನೋವಿಲ್ಲ, ಕೆಂಪಿಲ್ಲ, ಹೋದ ನೋಟ ಮರಳುವುದೂ ಇಲ್ಲ. ಅನಂತರ ಅವರು ಕೇಳಿದರು: "ರಾತ್ರಿ ಗೊರಕೆ ಹೊಡೆಯುವಿರಾ?" ಇಲ್ಲವೆಂದೆ. ಪಕ್ಕದಲ್ಲಿದ್ದ ಹೆಂಡತಿ ಸತ್ಯ ನುಡಿದಳು.

ನಿದ್ರಾ ಪರೀಕ್ಷೆಯಲ್ಲಿ ಗಂಟೆಗೆ 34 ಬಾರಿ ಉಸಿರು ಕಟ್ಟುತ್ತಿದ್ದುದು ಗೊತ್ತಾಯಿತು. ಸ್ಲೀಪ್ ಆಪ್ನಿಯಾ ಎಂಬ ಈ ತೊಂದರೆಯಲ್ಲಿ ಪ್ರತಿ ಬಾರಿಯೂ ಕನಿಷ್ಠ 10 ಸೆಕೆಂಡು ಉಸಿರಾಟಕ್ಕೆ ತಡೆ. ರಕ್ತದಲ್ಲಿ ಆಮ್ಲಜನಕದ ಇಳಿತ, ರಕ್ತದೊತ್ತಡದ ಏರಿಕೆ. ಇರುಳಿಡೀ ನಡೆಯುವ ಈ ಏರುಪೇರಿನಿಂದ ದೃಷ್ಟಿನರಕ್ಕೆ ಸಲ್ಲಬೇಕಾದ ರಕ್ತಪೂರೈಕೆ ಕೆಡಬಹುದೆಂಬುದು ಒಂದು ವಿವರಣೆ. 2013ರಲ್ಲಿ ಪ್ರಕಟವಾದ ತೈವಾನಿನ ಅಧ್ಯಯನವೊಂದು ಇಂತಹ 1,012 ರೋಗಿಗಳ ದಾಖಲೆಗಳನ್ನು ನೋಡಿ, ಐದು ವರ್ಷಗಳೊಳಗೆ ಗ್ಲಾಕೋಮಾ ತಗಲುವ ಸಂಭವ ಅವರಲ್ಲಿ ಇತರರಿಗಿಂತ 1.67 ಪಟ್ಟು ಎಂದಿತು. ಸಂಬಂಧವನ್ನೇ ಕಾಣದ ಅಧ್ಯಯನಗಳೂ ಇವೆ. ನನ್ನ ಕಣ್ಣಿಗೆ ಗೊರಕೆಯೇ ಕಾರಣವೆಂದು ವೈದ್ಯರೂ ಹೇಳಲಿಲ್ಲ.

ಇರಲಿ. ಸಾಲ ಕೊಡುವಾಗ ನಾವು ಮೋಸ ಸಾಬೀತಾಗಲೆಂದು ಕಾಯುತ್ತೇವೆಯೇ? ಮೊದಲೇ ನಾಲ್ಕು ಕಾಗದ ಹೆಚ್ಚು ಕೇಳುತ್ತೇವೆ. ಗೊರಕೆಯ ಪ್ರಶ್ನೆ ಎರಡು ವರ್ಷ ಮುಂಚೆಯೇ ಬಂದಿದ್ದರೆ, ನನ್ನ ದೃಷ್ಟಿನರವನ್ನೂ ಬಹುಶಃ ಮುಂಚೆಯೇ ನೋಡುತ್ತಿದ್ದರು. ಕಣ್ಣಿನ ವೈದ್ಯರು ನಿದ್ರೆಯನ್ನು ವಿಚಾರಿಸಬೇಕು. ನಿದ್ರೆಗೆ ಚಿಕಿತ್ಸೆ ಕೊಡುವವರು ಕಣ್ಣಿನ ಪರೀಕ್ಷೆಗೆ ಕಳುಹಿಸಬೇಕು. ಇದಕ್ಕೆ ತಗಲುವ ವೆಚ್ಚವಾದರೂ ಎಷ್ಟು?

ಈಗ ಮುಖವಾಡ ಧರಿಸಿ, ಗಾಳಿಯೂದುವ ಸಿಪ್ಯಾಪ್ ಯಂತ್ರದೊಂದಿಗೆ ಮಲಗುತ್ತೇನೆ. 1981ರಲ್ಲಿ ಆಸ್ಟ್ರೇಲಿಯದ ಕಾಲಿನ್ ಸಲಿವನ್ ಲೋಕಕ್ಕೆ ತಿಳಿಸಿದ ಉಪಾಯವಿದು. ಇದರಿಂದ ಕೆಲವರಲ್ಲಿ ರಾತ್ರಿ ಕಣ್ಣಿನ ಒತ್ತಡ ತುಸು ಏರಬಹುದೆಂಬ ವರದಿಗಳೂ ಇವೆ. ಆದ್ದರಿಂದ ಯಂತ್ರ ಬಳಸುವವರು ತಾವಾಗಿಯೇ ಅದನ್ನು ಬಿಡದೆ, ಕಣ್ಣಿನ ವೈದ್ಯರಿಗೆ ತಿಳಿಸಿಟ್ಟಿರಬೇಕು. ನಾನು ತಿಳಿಸಿದ್ದೇನೆ; ಕಣ್ಣಿಗೆ ಹನಿ ಔಷಧವೂ ನಡೆದಿದೆ.

ನಮ್ಮ ಸಂಘದ ವಾರ್ಷಿಕ ಆರೋಗ್ಯ ಶಿಬಿರದಲ್ಲಿ ಸಕ್ಕರೆ, ರಕ್ತದೊತ್ತಡಗಳಿಗೆ ಕಾಲಂ ಇದೆ. ಗೊರಕೆಗೂ ಒಂದು ಕಾಲಂ ಇರಲೆಂದು ಕಾರ್ಯಕಾರಿ ಸಮಿತಿಯನ್ನು ವಿನಂತಿಸಿಕೊಳ್ಳುತ್ತೇನೆ. ಅದನ್ನು ಮಾತ್ರ ಮಲಗಿದವರಲ್ಲ, ಪಕ್ಕದಲ್ಲಿ ಎಚ್ಚರವಿದ್ದವರು ತುಂಬಲಿ.