ಮೇಷ್ಟರ ಎತ್ತಂಗಡಿ

ಅಮೆರಿಕದ ಅನೇಕ ನಗರಗಳಲ್ಲಿ ಉಪಾಧ್ಯಾಯರ ಸಂಘವೂ ಶಾಲಾಮಂಡಲಿಯೂ ಬರೆದುಕೊಂಡ ಕರಾರೇ ಒಲ್ಲದ ವರ್ಗಕ್ಕೆ ಲಗಾಮು. ನಮ್ಮ ಸರಕಾರಿ ಶಾಲೆಯ ಉಪಾಧ್ಯಾಯರಿಗೆ ಅಂಥ ಕರಾರಿಲ್ಲ. ಅವರಿಗಿರುವುದು ಕಾಯಿದೆಯ ಆಸರೆ. 2007ರಲ್ಲಿ ಒಂದು, ಅದರ ಸ್ಥಾನದಲ್ಲಿ 2020ರಲ್ಲಿ ಮತ್ತೊಂದು ಬಂದವು. ಶಾಲೆಗಳನ್ನು ಎ, ಬಿ, ಸಿ ವಲಯಗಳಾಗಿ ವಿಂಗಡಿಸಿ, ಕೌನ್ಸೆಲಿಂಗ್‌ನಲ್ಲಿ ಎಲ್ಲರೆದುರು ಸ್ಥಳ ಆರಿಸಿಕೊಳ್ಳುವ ಪದ್ಧತಿ ಬಂದದ್ದರಿಂದ ಶಿಫಾರಸಿನ ಚೀಟಿಗಳ ದರ್ಪ ಕೊಂಚ ಇಳಿಯಿತು. ಆದರೂ 2019ರ ಕಡ್ಡಾಯ ವರ್ಗಾವಣೆಯಲ್ಲಿ ನೌಕರಿ ಒಂದೂರು, ಸಂಸಾರ ಇನ್ನೊಂದೂರು ಎಂದು ಕಣ್ಣೀರಿಟ್ಟವರು ಕಡಮೆಯೇನಲ್ಲ.

ಮನುಷ್ಯರ ದ್ವೇಷವನ್ನು ಕಾಯಿದೆ ತಡೆದೀತು. ಲೆಕ್ಕದ ಕತ್ತರಿಯನ್ನು ತಡೆಯುವುದು ಕಷ್ಟ. 2009ರ ಶಿಕ್ಷಣ ಹಕ್ಕಿನ ಕಾಯಿದೆಯಂತೆ, ಐದನೆಯ ತರಗತಿಯವರೆಗೆ 60 ಮಕ್ಕಳಿಗೆ ಇಬ್ಬರು ಉಪಾಧ್ಯಾಯರು, 61 ಆದರೆ ಮೂವರು. ಆಲ್ದೂರಿನ ಸುತ್ತಣ ಕಾಫಿ ಸೀಮೆಯಲ್ಲಿ ಈ ಒಂದು ತಲೆಯ ಅಂತರ ಸಣ್ಣದಲ್ಲ. ಕೊಯ್ಲು ಮುಗಿದು ಕೂಲಿಯವರ ಸಂಸಾರವೊಂದು ಗಂಟುಮೂಟೆ ಕಟ್ಟಿದರೆ ಸಾಕು, ಹಾಜರಿಪಟ್ಟಿ ಕುಗ್ಗುತ್ತದೆ. ಮೂರನೆಯ ಮೇಷ್ಟರು ‘ಹೆಚ್ಚುವರಿ’ ಎನಿಸಿಕೊಳ್ಳಬಹುದು. ಅವರು ಹೊರಟರೆ ಐದು ತರಗತಿಗಳ ಭಾರ ಇಬ್ಬರ ಹೆಗಲಿಗೆ.

ತೋಟದ ಸೀಮೆಯಲ್ಲಿ ಒಂದೇ ವರ್ಷದ ತಲೆಯೆಣಿಕೆಯನ್ನು ನಂಬದೆ, ನಾಲ್ಕಾರು ವರ್ಷಗಳ ಸರಾಸರಿಯನ್ನು ನೋಡಿ ‘ಹೆಚ್ಚುವರಿ’ ಯಾರೆಂದು ನಿರ್ಧರಿಸುವುದು ನ್ಯಾಯ. ಉಪಾಧ್ಯಾಯರ ಪರವಾಗಿ ಅಹವಾಲು ಹೇಳಲು ಸಂಘವುಂಟು. ಅಕ್ಷರ ಕಲಿಸಿದ ಮೇಷ್ಟರನ್ನು ಕಳೆದುಕೊಳ್ಳುವ ಕೂಲಿಯವರ ಮಗುವಿನ ಪರವಾಗಿ ಅರ್ಜಿ ಬರೆಯಬೇಕಾದವರು ಊರಿನ ಹಿರಿಯರೇ.