ದಾರಿ ನಡೆದವರೇ ದಾರಿ ತೋರಲಿ



ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿ ಜನರಿಗೆ ಆಸರೆಯಾಗಿದ್ದ ಸಿದ್ಧರಾಮೇಶ್ವರರು ಕಲ್ಯಾಣಕ್ಕೆ ಬಂದಾಗ ಅವರಿಗೆ ಇಷ್ಟಲಿಂಗದೀಕ್ಷೆ ನೀಡಿದವರು ವಯಸ್ಸಿನಲ್ಲಿ ಕಿರಿಯರಾದ ಚನ್ನಬಸವಣ್ಣನವರು. ಶೂನ್ಯಸಂಪಾದನೆಯಲ್ಲಿ ಬರುವ ಈ ಪ್ರಸಂಗದ ತಿರುಳು ಇಷ್ಟೇ: ದಾರಿ ತೋರಲು ವಯಸ್ಸು ಬೇಕಿಲ್ಲ, ಆ ದಾರಿಯ ಅರಿವು ಬೇಕು.

ಮನೆತನದಲ್ಲೇ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲು ಹತ್ತುವ ಮಕ್ಕಳನ್ನು ನೋಡುವಾಗ ಈ ಮಾತು ನೆನಪಾಗುತ್ತದೆ. 2021-22ರ ಅಖಿಲ ಭಾರತ ಸಮೀಕ್ಷೆಯಂತೆ ಉನ್ನತ ಶಿಕ್ಷಣದ ಒಟ್ಟು ದಾಖಲಾತಿ ಪ್ರಮಾಣ ಶೇ. 28.4. 2035ಕ್ಕೆ ಅದನ್ನು ಶೇ. 50ಕ್ಕೆ ಏರಿಸುವುದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಗುರಿ. ಇದು ಹೆಸರು ಬರೆಸಿದವರ ಲೆಕ್ಕ. ನಡುವೆಯೇ ಊರಿಗೆ ಮರಳಿದವರ ನೋವು ಇದರಲ್ಲಿ ಕಾಣದು.

ಹೀಗೆ ಮರಳುವವರೆಲ್ಲ ದಡ್ಡರಲ್ಲ, ಸೋಮಾರಿಗಳೂ ಅಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದವಳಿಗೆ ಇಂಗ್ಲಿಷ್ ಪಾಠ ಮೊದಲಿಗೆ ಅರ್ಥವಾಗದು. ಅನುತ್ತೀರ್ಣವಾದ ವಿಷಯವನ್ನು ಮತ್ತೆ ಬರೆಯಬಹುದೆಂದು ತಿಳಿಯದೆ ಒಬ್ಬನು ಗಂಟುಮೂಟೆ ಕಟ್ಟುತ್ತಾನೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದೆ ಇನ್ನೊಬ್ಬನ ವಿದ್ಯಾರ್ಥಿವೇತನ ನಿಂತಿರುತ್ತದೆ. ಹಾಜರಿ ಶೇ. 75 ಇರಬೇಕೆಂಬ ನಿಯಮ ಸುಗ್ಗಿಗೆಂದು ಊರಿಗೆ ಹೋದವನಿಗೆ ತಡವಾಗಿ ತಿಳಿಯುತ್ತದೆ. ಓದಿದವರ ಮನೆಗಳಲ್ಲಿ ಅಣ್ಣನೋ ಅಕ್ಕನೋ ಊಟದ ಹೊತ್ತಿಗೆ ಹೇಳಿಬಿಡುವ ಸಂಗತಿಗಳಿವು. ಈ ಮಕ್ಕಳ ಮನೆಯಲ್ಲಿ ಪ್ರೀತಿಗೆ ಕೊರತೆಯಿಲ್ಲ, ಹೇಳುವವರಿಲ್ಲ. ಅಧ್ಯಾಪಕರನ್ನು ಕೇಳಲು ಸಂಕೋಚ.

ಆದುದರಿಂದ ಇದೇ ತೊಡಕುಗಳನ್ನು ದಾಟಿಬಂದ ಎರಡನೆಯ, ಮೂರನೆಯ ವರ್ಷದ ವಿದ್ಯಾರ್ಥಿಗಳೇ ಇವರಿಗೆ ತಕ್ಕ ಮಾರ್ಗದರ್ಶಿಗಳು. ಹೊಸಬರನ್ನು ಬರಮಾಡಿಕೊಳ್ಳಲು ಯುಜಿಸಿ 2019ರಲ್ಲಿ ‘ದೀಕ್ಷಾರಂಭ’ವೆಂಬ ಕ್ರಮವನ್ನು ರೂಪಿಸಿತು. ಹೆಸರು ಅರ್ಥಪೂರ್ಣ. ಆದರೆ ದೀಕ್ಷೆಯಾದ ಮೇಲೆ ನಿತ್ಯದ ಆಚರಣೆ ಬೇಡವೇ? ಒಬ್ಬ ಹಿರಿಯನಿಗೆ ನಾಲ್ಕೈದು ಕಿರಿಯರು, ವಾರಕ್ಕೊಂದು ಗಂಟೆಯ ಭೇಟಿ, ವರ್ಷಪೂರ್ತಿ ನಡೆಯಲಿ. ಮೊದಲ ಫಲಿತಾಂಶ ಬಂದ ವಾರವಂತೂ ತಪ್ಪದಿರಲಿ. ಮನಸ್ಸು ಕುಸಿಯುವುದು ಆಗಲೇ. ಹಿರಿತನವು ದಬ್ಬಾಳಿಕೆಯಾಗದಂತೆ ಅಧ್ಯಾಪಕರು ಗಮನವಿಡಲಿ. ಶುಲ್ಕದ ಕಷ್ಟ, ಮನೆಯ ಸಂಕಟ ಕಂಡುಬಂದರೆ ಅದನ್ನು ಹಿರಿಯ ವಿದ್ಯಾರ್ಥಿಯು ಒಬ್ಬನೇ ಹೊರದೆ ಅವರಿಗೆ ತಿಳಿಸಲಿ.

ಮಠಗಳ ಪ್ರಸಾದನಿಲಯಗಳು ಅನ್ನ, ಆಶ್ರಯ, ಅಕ್ಷರಗಳನ್ನಿತ್ತು ಈ ನಾಡಿನ ಬಡಮಕ್ಕಳನ್ನು ಓದಿಸಿವೆ. ಅಲ್ಲಿ ಉಂಡು ಕಲಿಯುತ್ತಿರುವವನು ತಾನು ಕಂಡುಕೊಂಡ ದಾರಿಯನ್ನು ಪಕ್ಕದ ಕೋಣೆಯವನಿಗೆ ಹೇಳಿಕೊಡುವುದೂ ದಾಸೋಹವೇ. ಕೊಟ್ಟಷ್ಟೂ ಅರಿವು ಬೆಳೆಯುವುದರಿಂದ ಕಲಿಸುವವನಿಗೂ ಇದರಲ್ಲಿ ಪಾಲಿದೆ. ಈ ವರ್ಷ ನಮ್ಮ ಊರುಗಳಿಂದ ಕಾಲೇಜಿಗೆ ಹೋಗುವ ಪ್ರತಿ ಮಗುವಿಗೂ ಹೀಗೆ ಒಬ್ಬ ಅಣ್ಣನನ್ನೋ ಅಕ್ಕನನ್ನೋ ಗೊತ್ತುಮಾಡೋಣ.