ಕುಕ್ಕುವ ಹೇಂಟೆ

ಮೊನ್ನೆ ನೆರೆಮನೆಯ ಬಾಲಕನು ಮುಂಗೈಯ ರಕ್ತವನ್ನು ಒರೆಸಿಕೊಳ್ಳುತ್ತ ನಮ್ಮ ಜಗಲಿಗೆ ಬಂದನು. ತಾನೇ ಕಾಳುಹಾಕಿ ಸಾಕಿದ ಹೇಂಟೆಯು, ಗೂಡಿನೊಳಕ್ಕೆ ಕೈಯಿಟ್ಟೊಡನೆ ಕುಕ್ಕಿತಂತೆ. "ಭಾನುವಾರ ಅದನ್ನು ಕೊಯ್ಯುತ್ತಾರಂತೆ, ಮೇಷ್ಟ್ರೇ" ಎಂದು ಅತ್ತನು. ಅಳು ಗಾಯಕ್ಕಾಗಿ ಅಲ್ಲ. ಹಳ್ಳಿಯ ಶಾಲೆಗಳಲ್ಲಿ ಆಯುಷ್ಯವನ್ನು ಕಳೆದವನಿಗೆ ಕುಕ್ಕುಟಶಬ್ದದ ವಿಭಕ್ತಿಗಳಲ್ಲದೆ ಕುಕ್ಕುಟದ ಸ್ವಭಾವವೂ ತುಸು ತಿಳಿದಿರುವುದುಂಟು. ಹೋಗಿ ನೋಡಿದೆನು.

ಹೇಂಟೆಯು ಗರಿಗಳನ್ನು ಕೆದರಿಕೊಂಡು, ತಗ್ಗುದನಿಯಲ್ಲಿ ಸದ್ದುಮಾಡುತ್ತ, ಎದೆಯ ಪುಕ್ಕವನ್ನು ತಾನೇ ಕಿತ್ತುಕೊಂಡು ಕುಳಿತಿದ್ದಿತು. ಹಗಲಿರುಳೂ ಗೂಡು ಬಿಡದಂತೆ. ಇದು ಕ್ರೌರ್ಯವಲ್ಲ, ಕಾವು. ಹೊಡೆದರೆ ಭಯವು ಹೆಚ್ಚಿ ಇನ್ನಷ್ಟು ಕುಕ್ಕುವುದು. ಮರಿ ಬೇಕೆನ್ನುವವರು, ಹುಂಜದೊಡನಿರುವ ಕೋಳಿಗಳ ಮೊಟ್ಟೆಗಳನ್ನಿಟ್ಟು 21 ದಿನ ತಾಳತಕ್ಕದ್ದು. ಮರಿಗಳಾದ ಬಳಿಕವೂ ಕೆಲವು ವಾರ ಮಕ್ಕಳನ್ನು ದೂರವಿಡಬೇಕು. ಬೇಡವೆನ್ನುವವರು, ಸಂದುಗಳುಳ್ಳ ಬಿದಿರಿನ ತಳದ ಪಂಜರವನ್ನು ನೆಲದಿಂದ ಎತ್ತರಿಸಿ, ಹುಲ್ಲು ಹಾಸದೆ, ಕಾಳು ನೀರುಗಳನ್ನು ಕೊಡುತ್ತ ಮೂರು ನಾಲ್ಕು ದಿನ ಅದರಲ್ಲಿಡಲಿ. ಹೊಟ್ಟೆಯ ಕೆಳಗೆ ಗಾಳಿಯಾಡಿದರೆ ಸಾಮಾನ್ಯವಾಗಿ ಕಾವು ಇಳಿಯುವುದು. ತಣ್ಣೀರಿನಲ್ಲಿ ಮುಳುಗಿಸುವವರೂ ಇದ್ದಾರೆ; ನನಗದು ಸಮ್ಮತವಲ್ಲ.

ಕಾವಿಲ್ಲದ ಕೋಳಿಯು ಕುಕ್ಕತೊಡಗಿದರೆ ಗರಿಗಳ ಬುಡದಲ್ಲಿ ಹೇನನ್ನೂ ಗಾಯವನ್ನೂ ಹುಡುಕಬೇಕು. ಕೋಳಿಗಳು ತಮ್ಮತಮ್ಮಲ್ಲಿ ಕುಕ್ಕಾಡುವುದು ಬೇರೆ ಸಂಗತಿ. ಅವುಗಳಲ್ಲಿ ಯಾವುದು ಯಾವುದನ್ನು ಕುಕ್ಕಬಹುದೆಂಬ ಅನುಕ್ರಮವುಂಟೆಂದು ನಾರ್ವೆ ದೇಶದ ಶೆಲ್ಡರುಪ್ ಎಬ್ಬೆ ಎಂಬ ವಿದ್ವಾಂಸರು 1922ರಲ್ಲಿ ಪ್ರಕಟಿಸಿದರು. ಹೊಸದೊಂದು ಬಂದಾಗ ಆ ಅನುಕ್ರಮವು ಕದಡುವುದು. ಕಾಳನ್ನು ಎರಡು ಕಡೆ ಹಾಕಿದರೆ ಕಲಹವು ತಗ್ಗುವುದು.

ಬಾಲಕನ ತಂದೆಯವರು ಹನ್ನೊಂದು ಮೊಟ್ಟೆಗಳನ್ನು ತರಿಸಿ ಇರಿಸಿರುವರು. ಭಾನುವಾರದ ಮಾತನ್ನು ಈಗ ಯಾರೂ ಎತ್ತುತ್ತಿಲ್ಲ.